ಅಕ್ಕನ ನೆತ್ತಿ ಮಾಯ್ದ ವರ್ಷ

ಅಕ್ಕ ಸಿರುಗುಪ್ಪದಿಂದ ಬಳ್ಳಾರಿಗೆ ಬಂದಾಗಲೆಲ್ಲ ಮೊದಲು ಹಿತ್ತಲ ಬಾಗಿಲು ಹಾಕಿಕೊಂಡು ತಲೆಯ ಮೇಲಿನ ಸೆರಗನ್ನು ಸಾವಕಾಶವಾಗಿ ಬಿಡಿಸಿಕೊಳ್ಳುತ್ತಿದ್ದಳು. ತೆಗೆಯುತ್ತಿದ್ದಳು ಎನ್ನಲಾರೆ, ಬಿಡಿಸಿಕೊಳ್ಳುತ್ತಿದ್ದಳು. ಬಸ್ಸಿನ ಸೆಕೆಗೆ ನೆತ್ತಿಯ ಹುಣ್ಣು ಒಸರಿ, ಒಣಗಿ, ಸೀರೆ ಕೂದಲಿಗೆ ಹತ್ತಿಕೊಂಡಿರುತ್ತಿತ್ತು. ಅವ್ವ ಉಗುರುಬೆಚ್ಚಗಿನ ನೀರು ತಂದಿಡುತ್ತಿದ್ದಳು. ನಾನು ಹತ್ತಿ ಅದ್ದಿ ಒತ್ತಿ ಒತ್ತಿ ನೆನೆಸುತ್ತಿದ್ದೆ. ಬಟ್ಟೆ ಬಿಟ್ಟುಕೊಳ್ಳುವಾಗ ಅಕ್ಕ ಹಲ್ಲು ಕಚ್ಚಿಕೊಂಡು ಏನಾದರೊಂದು ತಮಾಷೆ ಮಾಡುತ್ತಿದ್ದಳು.

"ನನ್ನ ನೆತ್ತಿ ಮ್ಯಾಲ ತುಂಗಭದ್ರಾ ಕಾಲುವಿ ಬಿಟ್ಟಾರ ನೋಡಲೇ ಸಣ್ಣಕಿ. ಡ್ಯಾಮಿನ್ಯಾಗ ನೀರು ಕಮ್ಮಿ ಆದ್ರೂ ಇದು ಮಾತ್ರ ಬಂದ್ ಆಗಂಗಿಲ್ಲ."

ಮೊದಲು ಕೂದಲಿನ ಬುಡದಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಏಳುತ್ತಿತ್ತು. ಅದು ಕೀವಾಗಿ ಒಡೆದು, ಹಳದಿ ಹಕ್ಕಳೆ ಕಟ್ಟುತ್ತಿತ್ತು. ಹಕ್ಕಳೆ ಬಿದ್ದ ಜಾಗದಲ್ಲಿ ಚರ್ಮ ನುಣ್ಣಗೆ ಹೊಳೆಯುತ್ತಿತ್ತು, ಅಲ್ಲಿ ಮತ್ತೆ ಕೂದಲು ಬರುತ್ತಿರಲಿಲ್ಲ. ಆ ಬೋಳಿನ ಅಂಚಿನಲ್ಲಿ ಒಂದೇ ರಂಧ್ರದಿಂದ ಐದಾರು ಕೂದಲು ಒಟ್ಟಾಗಿ ಹೊರಟು, ಗೊಂಬೆಯ ತಲೆಗೆ ಕೂದಲು ನೆಟ್ಟ ಹಾಗೆ ಕಾಣುತ್ತಿತ್ತು. ಬೇವಿನೆಲೆ ಅರೆದು ಹಚ್ಚಿದ್ದಾಯಿತು, ಗಂಧಕದ ಮುಲಾಮು ಆಯಿತು, ಸಿರುಗುಪ್ಪದ ಕಾಂಪೌಂಡರ್ ಚುಚ್ಚಿದ ಪೆನ್ಸಿಲಿನ್ ಸೂಜಿಗಳೂ ಆದವು. ಪ್ರತಿ ಸಲವೂ ಸ್ವಲ್ಪ ದಿನ ಒಣಗಿದಂತೆ ಕಂಡು ಮತ್ತೆ ಅದೇ. ಅಕ್ಕ ಮಲಗಿ ಎದ್ದ ದಿಂಬಿಗೆ ಒಂದು ವಾಸನೆ ಇರುತ್ತಿತ್ತು. ಅವಳೇ ಆ ದಿಂಬನ್ನು ಬಿಸಿಲಿಗೆ ಹಾಕುತ್ತಿದ್ದಳು, ಬೇರೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ.

ನಮ್ಮ ಮನೆ ಪಾರ್ವತಿನಗರದಲ್ಲಿತ್ತು. ಅಪ್ಪ ತೀರಿಕೊಂಡ ಮೇಲೆ ಅವ್ವನ ಅಣ್ಣನೇ ನಮಗೆಲ್ಲ ಗಂಡು ದಿಕ್ಕು. ನನ್ನನ್ನು ಬಿ.ಎಸ್ಸಿ.ಗೆ ಸೇರಿಸಬೇಕೆಂದು ಹಟ ಹಿಡಿದವರೂ ಅವರೇ. ಮಾವನ ಮಗನಿಗೇ ಅಕ್ಕನನ್ನು ಕೊಟ್ಟಿತ್ತು. ಚಿಕ್ಕಂದಿನಲ್ಲಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕೋಟೆಯ ಗುಡ್ಡ ಹತ್ತಿಸಿದ್ದ ಮಾವನ ಎದುರಿಗೆ, ಮದುವೆಯಾದ ದಿನದಿಂದ ಅವಳು ತಲೆಯ ಮೇಲೆ ಸೆರಗಿಲ್ಲದೆ ಬಂದವಳಲ್ಲ, ಎದುರು ನಿಂತು ಮಾತಾಡಿದವಳಲ್ಲ. ಹಾಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮ ಕಡೆ ಸೊಸೆಯಾದವಳು ಹಾಗೇ ಇರುತ್ತಿದ್ದಳು, ಅಷ್ಟೆ. ಮಾವ ಕೂಡ ಅವಳ ಹೆಸರು ಹಿಡಿದು ಕರೆಯುವುದನ್ನು ಬಿಟ್ಟು "ಯವ್ವ" ಅನ್ನತೊಡಗಿದ್ದರು.

ಎಂಬತ್ತರ ದಶಕದ ಮೊದಲ ವರ್ಷಗಳವು. ಅಕ್ಕನಿಗೆ ಒಂದು ಗಂಡು, ಒಂದು ಹೆಣ್ಣು. ಎರಡೂ ಹೊಟ್ಟೆ ಕೊಯ್ದು ಆದ ಹೆರಿಗೆಗಳು. ಎರಡನೆಯದರಲ್ಲಿ ಅವಳು ಉಳಿದದ್ದೇ ಹೆಚ್ಚು. ಬಳ್ಳಾರಿಯ ಹೆರಿಗೆ ಡಾಕ್ಟರಮ್ಮ ಅವ್ವನನ್ನು ಪಕ್ಕಕ್ಕೆ ಕರೆದು, ಗರ್ಭಕೋಶದ ಹೊಲಿಗೆ ತೆಳುವಾಗಿ ಹೋಗಿದೆ, ಇನ್ನೊಂದು ಬಸಿರು ನಿಂತರೆ ಹೊಲಿಗೆ ಬಿಟ್ಟು ಜೀವಕ್ಕೇ ಕುತ್ತು ಬರುತ್ತದೆ ಎಂದಿದ್ದರು. ಹೆರಿಗೆಯ ಹೊತ್ತಿಗೇ ಮಕ್ಕಳಾಗದ ಆಪರೇಷನ್ ಮಾಡಿಬಿಡಬಹುದಿತ್ತು. ಆದರೆ ಕೂಸು ಅಂಗೈಯಷ್ಟಿತ್ತು, ಉಸಿರಾಡಲು ಕಷ್ಟಪಡುತ್ತಿತ್ತು. ಅದು ಉಳಿಯುವುದನ್ನು ನೋಡೋಣ ಎಂದು ಹಿರಿಯರು ಬೇಡವೆಂದರು. ಕೂಸು ಉಳಿಯಿತು. ಆಮೇಲೆ ಆಪರೇಷನ್ನಿಗೆ ಹೋದರೆ, ತಲೆಯ ತುಂಬ ಕೀವು ಇಟ್ಟುಕೊಂಡವಳ ಹೊಟ್ಟೆಗೆ ಚಾಕು ಹಾಕುವುದಿಲ್ಲ, ನಂಜಾಗುತ್ತದೆ, ಮೊದಲು ಅದನ್ನು ವಾಸಿ ಮಾಡಿಸಿಕೊಂಡು ಬನ್ನಿ ಎಂದು ಡಾಕ್ಟರಮ್ಮ ವಾಪಸು ಕಳಿಸಿದರು.

ಭಾವ ತಾವೇ ಗಂಡಸರ ಆಪರೇಷನ್ ಮಾಡಿಸಿಕೊಳ್ಳಬಹುದಿತ್ತು. ತುರ್ತುಪರಿಸ್ಥಿತಿಯ ಕಾಲದಲ್ಲಿ ಜೀಪಿನಲ್ಲಿ ಗಂಡಸರನ್ನು ಅದಕ್ಕೇ ಹಿಡಿದೊಯ್ಯುತ್ತಾರೆಂಬ ಸುದ್ದಿ ಕೇಳಿ ಹೊಲದಲ್ಲಿ ಅಡಗಿ ಕೂತವರ ಪೈಕಿ ಅವರೂ ಒಬ್ಬರು. ಆ ಹೆದರಿಕೆ ಹೋಗಿರಲಿಲ್ಲ.

ಇದರ ನಡುವೆ ಗಂಡ ಹೆಂಡತಿ ಏನು ಮಾಡಿಕೊಂಡಿದ್ದರೆಂಬುದು ನನಗೆ ಆಗ ಗೊತ್ತಿರಲಿಲ್ಲ. ಮದುವೆಯಾಗದ ತಂಗಿಗೆ ಅಂಥದ್ದನ್ನು ಯಾರು ಹೇಳುತ್ತಾರೆ? ಆಮೇಲೆ ತಿಳಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಅಕ್ಕ ಬಸಿರಾಗದಿರಲು ಡಾಕ್ಟರಮ್ಮ ಬರೆದುಕೊಟ್ಟ ಗುಳಿಗೆ ನುಂಗುತ್ತಿದ್ದಳು. ಸಿರುಗುಪ್ಪದ ಅಂಗಡಿಯಲ್ಲಿ ಕೊಂಡರೆ ಊರಿಗೆಲ್ಲ ಗೊತ್ತಾಗುತ್ತದೆಂದು ಭಾವ ಅಕ್ಕಿ ಮಿಲ್ಲಿನ ಕೆಲಸಕ್ಕೆ ಬಳ್ಳಾರಿಗೆ ಬಂದಾಗ ಕೌಲ್ ಬಜಾರಿನ ಒಂದು ಔಷಧಿ ಅಂಗಡಿಯಲ್ಲಿ ಕೊಂಡು, ಹಳೆಯ ಪೇಪರಿನಲ್ಲಿ ಸುತ್ತಿ, ಬನಿಯನ್ನಿನ ಒಳಗಿಟ್ಟುಕೊಂಡು ಒಯ್ಯುತ್ತಿದ್ದರು. ಅವರಿಬ್ಬರ ಹೊರತು ಆ ಮನೆಯಲ್ಲಿ ಯಾರಿಗೂ ಇದು ತಿಳಿದಿರಲಿಲ್ಲ.

ನೆತ್ತಿ ಮಾಯಬೇಕು, ಮಾಯ್ದರೆ ಆಪರೇಷನ್, ಆಪರೇಷನ್ ಆದರೆ ಅಕ್ಕ ಬದುಕಿದಳು. ನಮ್ಮೆಲ್ಲರ ಲೆಕ್ಕ ಇಷ್ಟೇ ಇತ್ತು.

ಹೊರಗಿನ ಊರಿನಲ್ಲಿ ಚರ್ಮದ ರೋಗವನ್ನೇ ವಿಶೇಷವಾಗಿ ಓದಿ ಬಂದ ಒಬ್ಬ ಡಾಕ್ಟರು ಕೌಲ್ ಬಜಾರಿನಲ್ಲಿ ದವಾಖಾನೆ ತೆರೆದಿದ್ದಾರೆಂದು ನನ್ನ ಕಾಲೇಜಿನಲ್ಲಿ ಯಾರೋ ಹೇಳಿದರು. ನಾನು ಮಾವನಿಗೆ ಹೇಳಿದೆ. ಕಟಾವಿನ ಸಮಯ, ಭಾವನಿಗೆ ಮಿಲ್ಲು ಬಿಟ್ಟು ಬರಲಾಗಲಿಲ್ಲ. ಮಾವನೇ ಅಕ್ಕನನ್ನು ಮೊದಲ ಬಸ್ಸಿಗೆ ಕರೆದುಕೊಂಡು ಬಂದರು. ನಾನೂ ಜೊತೆಗೆ ಹೋದೆ.

ಡಾಕ್ಟರು ಸಣ್ಣ ವಯಸ್ಸಿನವರು, ಮೈಸೂರು ಕಡೆಯ ಮಾತು. ಅಕ್ಕ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತಳು.

"ಸೆರಗು ತೆಗೀಬೇಕಮ್ಮ. ಬಟ್ಟೆ ಮೇಲಿಂದ ನಾನೇನು ನೋಡಲಿ?"

ಅಕ್ಕ ಅಲುಗಾಡಲಿಲ್ಲ.

"ಯಜಮಾನ್ರೇ, ನೀವು ಸ್ವಲ್ಪ ಹೊರಗೆ ಕೂತಿರ್ತೀರಾ?" ಎಂದರು ಡಾಕ್ಟರು.

"ಹೆಂಗ ಬಿಟ್ಟು ಹೋಗ್ಲಿರಿ? ಮನಿ ಸೊಸಿ. ನಾ ಈ ಕಡಿ ತಿರುಗಿ ನಿಂದರ್ತೀನಿ, ನೀವು ನೋಡ್ರಿ" ಎಂದು ಮಾವ ಗೋಡೆಯ ಕಡೆ ಮುಖ ಮಾಡಿ, ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತರು. "ತೆಗಿ ಯವ್ವ. ಡಾಕ್ಟ್ರು ಅಂದ್ರ ತಂದಿ ಇದ್ದಂಗ."

ಡಾಕ್ಟರಿಗೆ ನಗು ಬಂತು. ಮಾವನ ಅರ್ಧ ವಯಸ್ಸು ಅವರಿಗೆ. ಅಕ್ಕನೂ ಸೆರಗಿನೊಳಗೇ ನಕ್ಕಳೆಂದು ಅವಳ ಭುಜ ನೋಡಿ ನನಗೆ ಗೊತ್ತಾಯಿತು. ನಾನು ಸೆರಗು ಬಿಡಿಸಿದೆ. ಡಾಕ್ಟರ ನಗು ನಿಂತಿತು. ಚಿಮಟಿಗೆಯಿಂದ ಕೂದಲು ಕಿತ್ತು ಗಾಜಿನ ಮೇಲಿಟ್ಟರು, ಕೀವನ್ನು ಹತ್ತಿಕಡ್ಡಿಗೆ ತೆಗೆದುಕೊಂಡರು. ಕೆಲಸ ಮಾಡುತ್ತ ಪ್ರಶ್ನೆ ಕೇಳುತ್ತಿದ್ದರು. ಅವರು ಅಕ್ಕನನ್ನು ಕೇಳುತ್ತಿದ್ದರು, ಉತ್ತರ ಗೋಡೆಯ ಕಡೆಯಿಂದ ಬರುತ್ತಿತ್ತು.

"ಯಾವಾಗಿಂದ ಇದೆ?"

"ಹಿರೇ ಮೊಮ್ಮಗ ಹುಟ್ಟಿದಾಗಿಂದ್ರಿ."

"ಕಾಮಾಲೆ ಏನಾದ್ರೂ ಆಗಿತ್ತಾ?"

"ಇಲ್ರಿ. ಗಟ್ಟಿ ಜೀವರಿ ಆಕಿದು."

"ಈಗ ಬಸುರಿ ಏನಾದ್ರೂ?"

ಮಾವ ಕೆಮ್ಮಿದರು. "ಅಂಥಾದ್ದೇನಿಲ್ರಿ."

"ಬೇರೆ ಯಾವ ಮಾತ್ರೆನಾದ್ರೂ ತಗೊಳ್ತಿದ್ದೀರಾ?"

"ಯಾವುದೂ ಇಲ್ರಿ. ನಮ್ಮನ್ಯಾಗ ಗುಳಿಗಿ ನುಂಗೋ ಮಂದಿನ ಇಲ್ರಿ."

ಕೊನೆಯ ಮಾತನ್ನು ಮಾವ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು. ಆಗ ಅಕ್ಕ ತಲೆ ಎತ್ತಿದಳು. ತುಟಿ ಬಿಚ್ಚಿದ್ದನ್ನು ನಾನು ನೋಡಿದೆ. ಅವಳ ಕಣ್ಣು ಮಾವನ ಬೆನ್ನಿನ ಮೇಲೆ ಹೋಯಿತು, ಅಲ್ಲಿಂದ ನನ್ನ ಮೇಲೆ ಬಂತು. "ತಲೆ ಅಲುಗಾಡಿಸಬೇಡಿ" ಎಂದರು ಡಾಕ್ಟರು. ಅವಳು ಮತ್ತೆ ತಗ್ಗಿಸಿದಳು. ಹುಣ್ಣಿಗೆ ಚಿಮಟಿಗೆ ತಾಗಿ ನೋವಾಗಿರಬೇಕು ಎಂದುಕೊಂಡೆ ನಾನು. ಆ ಸಣ್ಣ ಕೋಣೆ, ಗೋಡೆಯ ಮೇಲೆ ಯಾವುದೋ ಔಷಧಿ ಕಂಪನಿಯ ಕ್ಯಾಲೆಂಡರು, ಅದಕ್ಕೆ ಮೂಗು ತಾಗುವ ಹಾಗೆ ನಿಂತ ಮಾವನ ಬಿಳಿ ಅಂಗಿಯ ಬೆನ್ನು, ಅಕ್ಕನ ಬಿಚ್ಚಿದ ತುಟಿ. ಈಗಲೂ ಸಾರಿಗೆ ಒಗ್ಗರಣೆ ಹಾಕುವಾಗ, ಬಸ್ಸಿಗೆ ಕಾಯುವಾಗ ಇದ್ದಕ್ಕಿದ್ದಂತೆ ನಾನು ಆ ಕೋಣೆಯೊಳಗೆ ನಿಂತಿರುತ್ತೇನೆ. ಪ್ರತಿ ಸಲವೂ ಈ ಸಲ ಅವಳು ಹೇಳುತ್ತಾಳೆ ಅನ್ನಿಸುತ್ತದೆ.

ಕೀವಿನ ಪರೀಕ್ಷೆ ಮುಗಿದ ಮೇಲೆ ಡಾಕ್ಟರು ಎರಡು ಬಗೆಯ ಕ್ಯಾಪ್ಸೂಲ್ ಬರೆದರು. ಒಂದು ರಿಫಾಂಪಿಸಿನ್, ಕ್ಷಯರೋಗದವರಿಗೆ ಕೊಡುವಂಥದ್ದು, ಇಟ್ಟಿಗೆ ಬಣ್ಣದ್ದು. ಇನ್ನೊಂದು ಕ್ಲಾಕ್ಸಾಸಿಲಿನ್. "ಇಷ್ಟು ವರ್ಷ ಇವರಿಗೆ ಕೊಟ್ಟಿದ್ದೆಲ್ಲ ಒಂದೊಂದೇ ಔಷಧಿ. ಕ್ರಿಮಿ ಕೂದಲಿನ ಬೇರಿನ ಆಳದಲ್ಲಿ ಕೂತಿರುತ್ತೆ. ಕೆಂಪು ಕ್ಯಾಪ್ಸೂಲ್ ಅಲ್ಲೀತನಕ ಹೋಗುತ್ತೆ. ಆದರೆ ಅದೊಂದನ್ನೇ ಕೊಟ್ಟರೆ ಕ್ರಿಮಿ ಬೇಗ ಪಳಗಿಬಿಡುತ್ತೆ, ಆಮೇಲೆ ಯಾವುದಕ್ಕೂ ಬಗ್ಗಲ್ಲ. ಅದಕ್ಕೇ ಎರಡೂ ಜೊತೆಗೆ. ಒಂದು ದಿನ ಇದು, ಒಂದು ದಿನ ಅದು ಅಂತ ಮಾಡಬೇಡಿ. ಎರಡೂವರೆ ತಿಂಗಳು ಬಿಡದೆ ತಗೋಬೇಕು." ಆಮೇಲೆ ಸೇರಿಸಿದರು, "ಮೂತ್ರ ಕೆಂಪಗೆ ಹೋಗುತ್ತೆ. ಬೆವರು, ಕಣ್ಣೀರು ಕೂಡ ಬಣ್ಣ ಬರುತ್ತೆ. ಹೆದರಬೇಡಿ."

ಮಾವ ಗೋಡೆಯನ್ನು ಬಿಟ್ಟು ತಿರುಗಲೇ ಇಲ್ಲ. ನನಗೆ ಮೆಲ್ಲಗೆ ಹೇಳಿದರು, "ಅದನ್ನ ನೀ ಹೇಳವ್ವ ನಿಮ್ಮಕ್ಕಗ."

ಅಕ್ಕ ಎರಡು ಮಾರು ದೂರದಲ್ಲಿ ಕೂತು ಎಲ್ಲವನ್ನೂ ಕೇಳಿದ್ದಳು. ಈ ಸಲ ಅವಳು ತಡೆಯಲಾರದೆ ಕಿಸಕ್ಕೆಂದಳು. ಹೊರಗೆ ಬಂದ ಮೇಲೆ ಮಾವ ನಮ್ಮಿಬ್ಬರಿಗೂ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕೊಡಿಸಿದರು. ತಾವು ಮಾತ್ರ ಬೇರೆ ಟೇಬಲ್ಲಿನಲ್ಲಿ ನಮ್ಮ ಕಡೆ ಬೆನ್ನು ಹಾಕಿ ಕೂತು ಚಹಾ ಕುಡಿದರು, ಸೊಸೆ ಸಂಕೋಚವಿಲ್ಲದೆ ತಿನ್ನಲಿ ಎಂದು.

ಬೇಸಿಗೆಯ ರಜೆಯಲ್ಲಿ ನಾನು ಸಿರುಗುಪ್ಪಕ್ಕೆ ಹೋದಾಗ ಔಷಧಿ ನಡೆದಿತ್ತು. ಮಾವ ದಿನಾ ಬೆಳಿಗ್ಗೆ ಪಡಸಾಲೆಯಲ್ಲಿ ಕೂತು ಅಡಿಗೆಮನೆಗೆ ಕೇಳುವ ಹಾಗೆ ಹೇಳುತ್ತಿದ್ದರು, "ಖಾಲಿ ಹೊಟ್ಟಿಗೆ ಕೆಂಪು ಗುಳಿಗಿ ಆತೇನು ಕೇಳ್ರಿ ಆಕಿನ್ನ." ಅತ್ತೆ ಒಳಗಿಂದ "ಆತು" ಎನ್ನುವವರೆಗೂ ಅವರು ಚಹಾ ಮುಟ್ಟುತ್ತಿರಲಿಲ್ಲ. ಉರಿಬಿಸಿಲಿಗೆ ಈ ಗುಳಿಗೆ ಬಲು ಕಾವು, ದಿನ ಬಿಟ್ಟು ದಿನ ನುಂಗಲಿ ಎಂದು ಅತ್ತೆ ಒಮ್ಮೆ ಹೇಳಿದ್ದಕ್ಕೆ ಸಿಟ್ಟಾಗಿ, "ಡಾಕ್ಟ್ರಕಿಂತ ಹೆಚ್ಚು ಓದಿಯೇನು ನೀನು?" ಎಂದು ರೇಗಿದ್ದರಂತೆ. ಅತ್ತೆ ದಿನಾ ಲೋಟ ತುಂಬ ಮಜ್ಜಿಗೆ ಕುಡಿಸಿ ಕಾವು ಇಳಿಸುತ್ತಿದ್ದರು.

ಒಂದು ದಿನ ಅಕ್ಕ ಉಳ್ಳಾಗಡ್ಡಿ ಹೆಚ್ಚುತ್ತ ಕಣ್ಣೊರೆಸಿಕೊಂಡರೆ ಸೆರಗಿನ ಮೇಲೆ ಕೇಸರಿ ಕಲೆ. ಮಗಳು ಹೆದರಿ ಅಳತೊಡಗಿತು. "ಅಳಬ್ಯಾಡಲೇ. ನಿಮ್ಮವ್ವ ಬಣ್ಣದ ಕಣ್ಣೀರು ಹಾಕ್ತಾಳ. ದೊಡ್ಡ ಮಂದಿಗೆ ಮಾತ್ರ ಹಿಂಗ ಬರತೈತಿ" ಎಂದು ಅಕ್ಕ ಅದನ್ನು ನಗಿಸಿದಳು.

ಹುಣ್ಣು ಒಣಗುತ್ತ ಬಂತು. ಕಣ್ಣಾರೆ ನೋಡಿದ್ದೇನೆ. ಮೊದಲು ಹಕ್ಕಳೆ ಉದುರಿತು, ಆಮೇಲೆ ಕೆಂಪು ಇಳಿಯಿತು, ಹೊಸ ಗುಳ್ಳೆ ಏಳುವುದು ನಿಂತಿತು. ದಿಂಬಿನ ವಾಸನೆ ಹೋಯಿತು. ಔಷಧಿ ಮುಗಿಯುವ ಹೊತ್ತಿಗೆ ಅಕ್ಕ ತಲೆಗೆ ಎಣ್ಣೆ ಹಚ್ಚಿಕೊಂಡು ಎರೆದುಕೊಂಡಳು, ಎಷ್ಟೋ ವರ್ಷಗಳ ಮೇಲೆ.

ಆ ತಿಂಗಳುಗಳಲ್ಲಿ ಅವಳ ಮುಟ್ಟು ಹಿಂದುಮುಂದಾಗಿತ್ತು. ಆಮೇಲೆ ನಿಂತಿತು. ಮೈಯ ನೀರಿನ ಬಣ್ಣವನ್ನೇ ಬದಲಿಸಿದ ಔಷಧಿ ಇದನ್ನೂ ಮಾಡಿದೆ ಎಂದುಕೊಂಡಳು. ವಾಂತಿ ಬಂದರೆ ಕ್ಯಾಪ್ಸೂಲಿನ ಕಾವು, ತಲೆ ತಿರುಗಿದರೆ ಅದೇ. ಔಷಧಿ ನಿಲ್ಲಿಸಿ ಎರಡು ಮೂರು ತಿಂಗಳು ಕಳೆದರೂ ಮುಟ್ಟಾಗದಾಗ ಅನುಮಾನ ಬಂತು. ಹೇಗೂ ನೆತ್ತಿ ಮಾಯ್ದಿತ್ತು, ಆಪರೇಷನ್ನಿಗೆ ದಿನ ಕೇಳಲೆಂದು ಬಳ್ಳಾರಿಗೆ ಬರುವುದಿತ್ತು. ಮಾವ, ಭಾವ, ಅವ್ವ, ನಾನು, ಎಲ್ಲರೂ ಹೋದೆವು. ಡಾಕ್ಟರಮ್ಮ ಅಕ್ಕನ ಹೊಟ್ಟೆ ಮುಟ್ಟಿ ನೋಡಿ ಕೈ ಹಾಗೇ ಇಟ್ಟುಕೊಂಡು ನಿಂತರು. ಆಗಲೇ ಐದು ತಿಂಗಳು.

ಅವರು ಹೊರಗೆ ಬಂದು ಎಲ್ಲರ ಎದುರಿಗೇ ರೇಗಿದರು. "ಗುಳಿಗಿ ಬರಕೊಟ್ಟಿದ್ದೆ ನಾನು. ದಿನಾ ನುಂಗ್ರಿ ಅಂತ ಸಾರಿ ಸಾರಿ ಹೇಳಿದ್ದೆ. ಯಾಕ ಬಿಟ್ರಿ?"

ಭಾವನ ಮುಖ ಕಪ್ಪಿಟ್ಟಿತು. ಸೊಸೆ ಗುಳಿಗೆ ನುಂಗುತ್ತಿದ್ದಳೆಂದು ಮಾವನಿಗೆ ಗೊತ್ತಾದದ್ದೇ ಆಗ. ಅವರು ಮಗನನ್ನೊಮ್ಮೆ ನೋಡಿ ನೆಲ ನೋಡಿದರು.

"ಬಿಟ್ಟಿಲ್ರಿ ಡಾಕ್ಟ್ರಮ್ಮ" ಎಂದಳು ಅಕ್ಕ ಬಾಗಿಲ ಮರೆಯಿಂದ.

"ಎಲ್ಲಾರೂ ನನ್ನ ಮುಂದ ಹಿಂಗ ಹೇಳ್ತಾರ. ಯಾವತ್ತೋ ಒಂದಿನ ಮರ್ತಿರ್ತೀರಿ. ಒಂದಿನ ಸಾಕು."

"ಇಲ್ರಿ. ನಾ ಮರ್ತಿಲ್ರಿ."

ಈಗ ಹೊಟ್ಟೆ ತೆಗೆಸುವ ಕಾಲ ಮೀರಿದೆ, ಅದೂ ಅಪಾಯವೇ, ಎಂಟನೆಯ ತಿಂಗಳು ಬೀಳುವ ಮೊದಲೇ ತಂದು ಆಸ್ಪತ್ರೆಗೆ ಸೇರಿಸಿ, ಅಲ್ಲಿಯವರೆಗೆ ಭಾರ ಎತ್ತಬಾರದು ಎಂದು ಡಾಕ್ಟರಮ್ಮ ಹೇಳಿದರು. ಅಕ್ಕನನ್ನು ಸಿರುಗುಪ್ಪಕ್ಕೆ ಕಳಿಸದೆ ನಮ್ಮಲ್ಲೇ ಇಟ್ಟುಕೊಂಡೆವು.

ಅವಳಿಗೆ ಸಾವಿನ ಹೆದರಿಕೆ ಇರಲಿಲ್ಲವೆಂದಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ಮರೆತಳೆಂಬ ಆ ಒಂದು ಮಾತು ಅವಳನ್ನು ತಿಂದಿತು. ಮೊದಮೊದಲು ಗಂಡ ಏನೂ ಅನ್ನಲಿಲ್ಲ. ಒಂದು ಸಲ ನೋಡಲು ಬಂದವರು ಮಾತಿನ ನಡುವೆ, "ಮರ್ತಿದ್ರ ಮರುದಿನಾನರ ಹೇಳಬಾರದಿತ್ತಾ?" ಎಂದುಬಿಟ್ಟರು. ಮೆತ್ತಗೇ ಹೇಳಿದ್ದು. ಅಕ್ಕ ಊಟ ಬಿಟ್ಟು ಎದ್ದಳು.

ಹಿತ್ತಲಿನ ಕಲ್ಲಿನ ಮೇಲೆ ಕೂತು ನನಗೆ ಹೇಳಿದಳು, "ಲೇ ಸಣ್ಣಕಿ, ನೀ ಆದ್ರೂ ನಂಬು. ಸಂಜಿ ದೀಪ ಹಚ್ಚಿ, ಅಕ್ಕಿ ಡಬ್ಬಿ ಹಿಂದ ಕೈ ಹಾಕಿ ತಗೊಂಡು ನುಂಗಿ, ಆಮ್ಯಾಲ ರೊಟ್ಟಿ ಬಡಿಯಾಕ ಕುಂದ್ರತಿದ್ದೆ. ಜ್ವರ ಬಂದಾಗೂ ಬಿಟ್ಟಿಲ್ಲ. ಹೆಂಗ ಮರೀಲಿ? ನನ್ನ ಜೀವ ಅಲ್ಲೇನು ಅದು?"

"ನಂಬ್ತೀನಿ" ಎಂದೆ. ನಂಬಿಯೂ ಇದ್ದೆ.

ಏಳನೆಯ ತಿಂಗಳಿನಲ್ಲಿ ಕುರುಗೋಡಿನಿಂದ ನಮ್ಮ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಹೇಳಿ ಕಳಿಸಿದರು. ಬಸುರಿ ಹೆಂಗಸನ್ನು ಕರೆದು ಬೇಕಾದ್ದು ಮಾಡಿ ಉಣಿಸುವುದು ನಮ್ಮಲ್ಲಿ ರೂಢಿ. ಅವ್ವ ಬೇಡವೆಂದಳು. ಅಕ್ಕನೇ ಹಟ ಮಾಡಿದಳು. "ದವಾಖಾನಿಗೆ ಸೇರಿದ ಮ್ಯಾಲ ಏನೈತಿ? ಒಂದಿನ ಹೋಗಿ ಬರೂಣು. ದೊಡ್ಡವ್ವನ ಕೈ ಹೋಳಿಗಿ ತಿಂದು ಯಾವ ಕಾಲ ಆತು." ನಾವು ಮೂವರೂ ಬೆಳಗಿನ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿದು ಮೆಲ್ಲಗೆ ಹೋದೆವು.

ದೊಡ್ಡವ್ವ ಅಕ್ಕನನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು ಕೂದಲು ಬಿಚ್ಚಿದರು. ನೆತ್ತಿಯ ಮೇಲೆ ಬೆರಳಾಡಿಸಿ ಅವರಿಗೆ ನಂಬಲಾಗಲಿಲ್ಲ. "ಅಯ್ಯ ನನ್ನವ್ವ, ಏನು ಮಾಡಿದ್ರಲೇ ಇದಕ್ಕ? ಕೂಸಿನ ನೆತ್ತಿ ಇದ್ದಂಗ ಆಗೈತಲ್ಲ!" ಬೋಳಾದ ಜಾಗ ಬೋಳೇ ಇತ್ತು. ಆದರೆ ಸುತ್ತಲಿನ ಕೂದಲನ್ನು ಅದರ ಮೇಲೆಳೆದು ಜಡೆ ಹಾಕಿದರೆ ಏನೂ ಕಾಣುತ್ತಿರಲಿಲ್ಲ. ದೊಡ್ಡವ್ವ ಕನಕಾಂಬರ ಮುಡಿಸಿದರು. ಮಾವನಿಲ್ಲ, ಅತ್ತೆಯಿಲ್ಲ, ತವರಿನ ಕಡೆಯ ಮನೆ. ಅಕ್ಕ ಸೆರಗು ಹೆಗಲಿಗೆ ಬಿಟ್ಟುಕೊಂಡು, ಬರಿ ತಲೆಯಲ್ಲಿ ಮನೆಯೆಲ್ಲ ಓಡಾಡಿದಳು. ಗೋಡೆಯ ಕನ್ನಡಿಯ ಮುಂದೆ ಹೋಗಿ ತಿರುತಿರುಗಿ ನೋಡಿಕೊಂಡಳು. "ಈಗ ನನ್ನ ಗಂಡನ್ನ ಕರಸ್ರಿ, ನೋಡ್ಲಿ" ಎಂದಳು. ಎಲ್ಲರೂ ನಕ್ಕೆವು.

ಎಲೆಗೆ ಹೋಳಿಗೆ ಬಿದ್ದಿತ್ತು. ತುಪ್ಪ ಹಾಕಲು ದೊಡ್ಡವ್ವ ಬಗ್ಗಿದರು. ಅಕ್ಕ "ತಡಿ" ಎನ್ನುವಂತೆ ಕೈ ಎತ್ತಿದಳು. ತುಪ್ಪ ಬೇಡವೆನ್ನುತ್ತಾಳೆಂದು ದೊಡ್ಡವ್ವ ಹಾಕಿಯೇಬಿಟ್ಟರು. ಅವಳು ಎತ್ತಿದ ಕೈಯಿಂದಲೇ ನನ್ನ ಮೊಣಕೈ ಹಿಡಿದಳು. "ಒಳಗ ಏನೋ ಹರದಂಗಾತಲೇ" ಎಂದಳು. ಕೂಗಲಿಲ್ಲ. ಹಣೆಯ ಮೇಲೆ ಬೆವರು ಒಮ್ಮೆಲೇ ಬಂತು. ತುಟಿಯ ಬಣ್ಣ ಹೋಯಿತು.

ಪಕ್ಕದ ಮನೆಯವರ ಜೀಪು ಸಿಕ್ಕಿತು. ಹಿಂದಿನ ಸೀಟಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲೆ, ಕಾಲು ಅವ್ವನ ತೊಡೆಯ ಮೇಲೆ. ಕುರುಗೋಡಿನ ಬಂಡೆಗುಡ್ಡಗಳು ಹಿಂದಾದವು. ಎರೆಹೊಲ, ಮತ್ತೆ ಎರೆಹೊಲ. ರಸ್ತೆ ತಗ್ಗಾದಲ್ಲೆಲ್ಲ ಅವಳ ಬೆರಳು ನನ್ನ ಮಣಿಕಟ್ಟನ್ನು ಒತ್ತುತ್ತಿದ್ದವು. ಆ ಒತ್ತು ಸಡಿಲಾಗುವುದನ್ನು ನಾನು ಕಾಯುತ್ತಿದ್ದೆ, ನೋವು ಕಡಿಮೆಯಾಗಲಿ ಎಂದು. ಸಡಿಲಾದಾಗ ಅದು ಬೇರೆಯೇ ಆಗಿತ್ತು. ಎತ್ತಿನ ಬಂಡಿಯೊಂದು ಅಡ್ಡ ಬಂತು. ಡ್ರೈವರ್ ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ. ಹೊರಗೆ ರಕ್ತ ಬಹಳ ಕಾಣುತ್ತಿರಲಿಲ್ಲ. ಅದರಿಂದ ನನಗೆ ಧೈರ್ಯ ಬಂದಿತ್ತು. ರಕ್ತ ಒಳಗೇ ತುಂಬುತ್ತಿದೆ ಎಂದು ತಿಳಿಯಲಿಲ್ಲ.

"ಅವ್ವಾ" ಎಂದಳು ಒಮ್ಮೆ. ಅವ್ವ ಬಗ್ಗಿದಳು. "ನಾ ಮರ್ತಿದ್ದಿಲ್ಲ."

"ಅದನ್ನ ಈಗ್ಯಾಕ ಮಗಳ... ಸುಮ್ನಿರು."

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನೋಡಿದ ಕೂಡಲೇ ಒಳಗೆ ಒಯ್ದರು. ಹೊಲಿಗೆ ಬಿಟ್ಟಿತ್ತು. ಕೂಸು ಆಗಲೇ ಹೋಗಿತ್ತು. ಗರ್ಭಕೋಶ ತೆಗೆದರು. ಭಾವ, ಮಾವ ಸಿರುಗುಪ್ಪದಿಂದ ಓಡಿ ಬಂದರು, ಇಬ್ಬರೂ ರಕ್ತ ಕೊಟ್ಟರು. ಮರುದಿನ ಬಿಸಿಲು ಏರುವ ಹೊತ್ತಿಗೆ ಅಕ್ಕ ಹೋದಳು. ಜಡೆಯಲ್ಲಿ ಬಾಡಿದ ಕನಕಾಂಬರ ಹಾಗೇ ಇತ್ತು. ನರ್ಸು ಅದನ್ನು ತೆಗೆದು ನನ್ನ ಕೈಗೆ ಕೊಟ್ಟಳು.

ಅದಾದ ಕೆಲವು ತಿಂಗಳಿಗೆ ಅವ್ವನ ಕೈಗೆ ಇಸಬು ಬಂತು. ಅದೇ ಚರ್ಮದ ಡಾಕ್ಟರ ಹತ್ತಿರ ಕರೆದೊಯ್ದೆ. ನೋ​ಡಿಸಿಕೊಂಡು ಅವ್ವ ಹೊರಗೆ ಬೆಂಚಿನ ಮೇಲೆ ಕೂತಳು. ಔಷಧಿ ಬರೆಯುತ್ತ ಡಾಕ್ಟರು ನನ್ನ ಗುರುತು ಹಿಡಿದರು. "ನಿಮ್ಮ ಅಕ್ಕ ಕೊನೇ ಸಲ ತೋರಿಸೋಕೆ ಬರಲೇ ಇಲ್ಲ. ನೆತ್ತಿ ಹೇಗಿದೆ?"

"ಮಾಯ್ದಿತ್ತು" ಎಂದೆ. ಆಮೇಲೆ ಉಳಿದದ್ದನ್ನು ಹೇಳಿದೆ.

ಅವರು ಪೆನ್ನು ಕೆಳಗಿಟ್ಟರು. "ಬಸಿರಾಗಬಾರದೂಂತ ಮಾತ್ರೆ ತಗೊಳ್ತಿದ್ರಾ?"

"ಹೌದು. ಒಂದು ದಿನ ಮರೆತಿರಬೇಕು ಅಂತಾರೆ. ಅಕ್ಕ ಇಲ್ಲ ಅಂತಿದ್ದಳು."

"ಮರೆತಿರಲ್ಲ" ಎಂದರು ಅವರು. "ಮರೀಬೇಕಾಗೇ ಇಲ್ಲ. ಆ ಕೆಂಪು ಕ್ಯಾಪ್ಸೂಲ್ ಯಕೃತ್ತನ್ನ, ಅಂದ್ರೆ ಲಿವರನ್ನ, ಜೋರಾಗಿ ಕೆಲಸ ಮಾಡಿಸುತ್ತೆ. ಅದು ಈ ಮಾತ್ರೆಯನ್ನ ಕೆಲಸ ಮಾಡೋಕೆ ಮುಂಚೆನೇ ಕರಗಿಸಿ ಹೊರಗೆ ಹಾಕಿಬಿಡುತ್ತೆ. ದಿನಾ ತಪ್ಪದೆ ತಗೊಂಡ್ರೂ ಅಷ್ಟೇ. ನಾನು... ನಾನು ಕೇಳಿದ್ದೆ."

"ಕೇಳಿದ್ದಿರಿ" ಎಂದೆ.

"ಒಬ್ಬರನ್ನೇ ಕೂರಿಸಿ ಕೇಳಬೇಕಿತ್ತು" ಎಂದು ಅವರು ಗೋಡೆಯ ಕಡೆ ನೋಡಿದರು. ನಾನೂ ನೋಡಿದೆ.

ರಸಾಯನಶಾಸ್ತ್ರ ಓದುತ್ತಿದ್ದವಳಿಗೆ ಅವರು ಹೇಳಿದ್ದು ಅರ್ಥವಾಗುವುದು ಕಷ್ಟವಿರಲಿಲ್ಲ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಅಕ್ಕ ಕೆಂಪು ಕ್ಯಾಪ್ಸೂಲ್ ನುಂಗಿದ್ದಾಳೆ. ದಿನಾ ಸಂಜೆ ದೀಪ ಹಚ್ಚಿ ಸಣ್ಣ ಗುಳಿಗೆ ನುಂಗಿದ್ದಾಳೆ. ಎರಡನ್ನೂ ಬದುಕಬೇಕೆಂದೇ ನುಂಗಿದ್ದಾಳೆ.

ಮುಂದಿನ ವಾರವೇ ಸಿರುಗುಪ್ಪಕ್ಕೆ ಹೋದೆ. ಭಾವ ಮಿಲ್ಲಿನ ಅಂಗಳದಲ್ಲಿ ಭತ್ತ ಒಣಹಾಕಿಸುತ್ತಿದ್ದರು. ಪಕ್ಕಕ್ಕೆ ಕರೆದು ಹೇಳಿದೆ. ಅವರು ಅರ್ಧ ಕೇಳುವಷ್ಟರಲ್ಲೇ ಭತ್ತದ ಮೇಲೆ ಕೂತುಬಿಟ್ಟರು.

"ಮರ್ತಿದ್ದಿಲ್ಲೇನು ಹಂಗಾರ?"

"ಇಲ್ಲ."

"ನಾ ಆಕಿಗೆ ಏನಂದೆ ಗೊತ್ತೈತೇನು ನಿನಗ? ಉಣ್ಣಾಕ ಕುಂತಾಕಿ ಎದ್ದು ಹೋದ್ಲು." ಅಂಗೈಯಿಂದ ಮುಖ ಉಜ್ಜಿಕೊಂಡರು. ಕೈಯ ಧೂಳು ಕೆನ್ನೆಗೆ ಹತ್ತಿತು. ಆಮೇಲೆ ಕೇಳಿದರು, "ಅಲ್ಲ, ಆ ಡಾಕ್ಟ್ರು ಕೇಳಲಿಲ್ಲೇನು, ಬ್ಯಾರೆ ಗುಳಿಗಿ ತಗೊಂತಿ ಏನಂತ?"

"ಕೇಳಿದ್ರು."

"ಮತ್ತ?"

ಅಂದು ಅವಳ ಜೊತೆ ಯಾರು ಹೋಗಿದ್ದರೆಂಬುದು ಅವರಿಗೆ ಗೊತ್ತಿತ್ತು. ಅವರ ಮುಖದಲ್ಲಿ ಅದು ಮೂಡುವುದನ್ನು ನೋಡಿದೆ. ಭತ್ತ ಮುಕ್ಕುತ್ತಿದ್ದ ಗುಬ್ಬಿಗಳನ್ನು ಹಮಾಲನೊಬ್ಬ ಹುಶ್ ಎಂದು ಓಡಿಸುತ್ತಿದ್ದ.

"ಅಪ್ಪಗ ಹೇಳಬ್ಯಾಡ" ಎಂದರು ಭಾವ. "ಉಳಿಯಂಗಿಲ್ಲ ಆತ."

ಮಧ್ಯಾಹ್ನ ಮಾವ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅನ್ನ ಸಾರು ಕಲಸಿ ಉಣಿಸುತ್ತಿದ್ದರು. ಆರು ತಿಂಗಳಲ್ಲಿ ಕುಗ್ಗಿ ಹೋಗಿದ್ದರು. ನನ್ನನ್ನು ನೋಡಿ ಕಣ್ಣು ತುಂಬಿಕೊಂಡಿತು. ಅಕ್ಕನ ಮಾತು ಬಂತು. ಬಾರದೆ ಇರುತ್ತಿರಲಿಲ್ಲ.

"ಆಕಿ ಮ್ಯಾಲ ಯಾರೂ ತಪ್ಪು ಹೊರಸಬ್ಯಾಡ್ರಿ" ಎಂದರು, ಒಬ್ಬರನ್ನೂ ನೋಡದೆ, ಕೂಸಿನ ಬಾಯಿ ಒರೆಸುತ್ತ. "ಮನಿ ಕೆಲಸ, ಎರಡು ಹುಡುಗ್ರು, ತೆಲಿ ಬ್ಯಾನಿ ಒಂದು. ಯಾವತ್ತೋ ಒಂದಿನ ಮರ್ತಾಳ, ಪಾಪ. ಎಂಥಾ ಶಾಣ್ಯಾ ಹುಡುಗಿ ಆದ್ರೂ ಒಂದಿನ ಮರೀತಾಳ. ನಾನೇನು ಮನಸ್ಸಿನ್ಯಾಗ ಇಟ್ಟುಕೊಂಡಿಲ್ಲವ್ವ."

ಭಾವ ತಟ್ಟೆಯ ಮೇಲಿನ ಕಣ್ಣು ಎತ್ತಲಿಲ್ಲ. ನಾನು ಏನೋ ಹೇಳಲು ಬಾಯಿ ತೆರೆದೆ. ಮಾವ ನನ್ನ ಕಡೆ ತಿರುಗಿ, "ಉಣ್ಣವ್ವ, ಯಾಕ ಕೈ ಬಿಟ್ಟು ಕುಂತಿ?" ಎಂದರು. ಉಂಡೆ.

ಮಾವ ಆಮೇಲೆ ಬಹಳ ವರ್ಷ ಬದುಕಿದರು. ಅಷ್ಟೂ ವರ್ಷ ಯಾರಾದರೂ ಅಕ್ಕನ ವಿಷಯ ಎತ್ತಿದರೆ ಅದೇ ಮಾತು ಹೇಳುತ್ತಿದ್ದರು, ಅಷ್ಟೇ ಪ್ರೀತಿಯಿಂದ. ಅವರು ಅವಳನ್ನು ಕ್ಷಮಿಸುತ್ತಲೇ ಇದ್ದರು. ಅದು ಆ ಮನೆಯ ಮಾತಾಗಿ ಹೋಯಿತು. ಅಕ್ಕನ ಮಗ, ಮಗಳು ಅದನ್ನು ಕೇಳುತ್ತಲೇ ಬೆಳೆದರು: ನಿಮ್ಮವ್ವ ಒಂದು ದಿನ ಗುಳಿಗೆ ಮರೆತಳು. ಮಗಳು ಪರೀಕ್ಷೆಗೆ ಹೋಗುವಾಗ ಪೆನ್ನು ಮರೆತರೂ ಅಜ್ಜಿ "ಅವ್ವನ ಮರವು ಬಂದೈತಿ ಇದಕ್ಕ" ಅನ್ನುತ್ತಿದ್ದರು. ನಾನು ಅಲ್ಲೇ ಇರುತ್ತಿದ್ದೆ. ಒಂದು ಕಡೆ ಸತ್ತವಳ ಮಾತು, ಇನ್ನೊಂದು ಕಡೆ ಗೋಡೆಯ ಕಡೆ ತಿರುಗಿ ನಿಂತಿದ್ದ ಒಬ್ಬ ಒಳ್ಳೆಯ ಮನುಷ್ಯ.

ಮಾವ ತೀರಿಕೊಂಡು ದಿನಕರ್ಮವೆಲ್ಲ ಮುಗಿದ ಮಧ್ಯಾಹ್ನ ಅಕ್ಕನ ಮಗಳನ್ನು ಹಿತ್ತಲಿಗೆ ಕರೆದೆ. ಆಗ ಅವಳಿಗೂ ಮದುವೆ ಗೊತ್ತಾಗಿತ್ತು. ಮೊದಲಿಂದ ಕೊನೆಯವರೆಗೆ ಹೇಳಿದೆ, ಇಲ್ಲಿ ಬರೆದ ಹಾಗೆಯೇ. ಮುಗಿದ ಮೇಲೆ ಅಜ್ಜನ ವಿಷಯ ಕೇಳುತ್ತಾಳೆಂದುಕೊಂಡಿದ್ದೆ. ಕೇಳಲಿಲ್ಲ.

"ಹಂಗಾರ ನಮ್ಮವ್ವ ಮರ್ತಿದ್ದಿಲ್ಲೇನು, ಚಿಗವ್ವ?"

"ಇಲ್ಲ. ಒಂದಿನಾನೂ ಮರ್ತಿದ್ದಿಲ್ಲ."

"ಇನ್ನೊಮ್ಮೆ ಹೇಳು" ಎಂದಳು.

ಹೇಳಿದೆ.